ಸ್ಟಾಕಿಲ್ಲ ಎಂದವರಿಗೆ

ಮೊನ್ನೆ ಭಾನುವಾರಕ್ಕೆ ನಾನು ಸಿಗರೇಟು ಬಿಟ್ಟು ಒಂದು ವರ್ಷವಾಯಿತು. 18 ವರ್ಷ, ದಿನಕ್ಕೆ ಹನ್ನೆರಡು ಸೇದುತ್ತಿದ್ದವನು. ಬಿಟ್ಟದ್ದು ನಾನೇ ಆದರೂ ಬಿಡಿಸಿದವರು ಬೇರೆ. ಹೆಸರು ಹಾಕಿದರೆ ಬೈಯುತ್ತಾರೆ, ಹಾಗಾಗಿ ಹೆಸರಿಲ್ಲದೆಯೇ ನೆನೆಯುತ್ತೇನೆ.

ಪ್ಯಾಕಿನ ಮೇಲೆ 1800-11-2356 ಅಂತ ತಂಬಾಕು ಬಿಡಲು ನೆರವಾಗುವ ಸಹಾಯವಾಣಿಯ ನಂಬರು ಅಚ್ಚಾಗಿರುತ್ತದಲ್ಲ, ವರ್ಷಗಟ್ಟಲೆ ಅದನ್ನು ಹೆಬ್ಬೆರಳಲ್ಲಿ ಮುಚ್ಚಿಕೊಂಡೇ ಸಿಗರೇಟು ತೆಗೆದವನು ನಾನು. ಫೋನು ಮಾಡಿದರೆ ಉಪದೇಶ ಶುರುವಾಗುತ್ತದೆ ಅಂದುಕೊಂಡಿದ್ದೆ. ಆ ಕಡೆಯ ಹೆಣ್ಣುಮಗಳು ಕೇಳಿದ್ದು ಇಷ್ಟೇ: "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಹಚ್ಚುತ್ತೀರಿ ಸಾರ್?" ಹಲ್ಲುಜ್ಜುವ ಮೊದಲೇ ಎಂದೆ. ಬಿಡುವ ತಾರೀಖನ್ನು ನನ್ನ ಬಾಯಿಂದಲೇ ಹೇಳಿಸಿದರು, ಆಮೇಲೆ ಅವರೇ ಫೋನು ಮಾಡಿ ವಿಚಾರಿಸಿದರು. 41ನೇ ದಿನ ಮದುವೆಮನೆಯಲ್ಲಿ ಎರಡು ದಮ್ಮು ಎಳೆದೆ ಎಂದು ಒಪ್ಪಿಕೊಂಡಾಗ, "ಮೂರನೇದು ಎಳೆಯದೆ ಹೇಗೆ ತಡೆದುಕೊಂಡಿರಿ, ಅದನ್ನ ಹೇಳಿ" ಅಂದರು.

ನಮ್ಮೂರಿನ ಡಾಕ್ಟರಿಗೂ ನಮಸ್ಕಾರ. ಸಿಗರೇಟಿನ ಚಪಲ ತಗ್ಗಿಸುವ ನಿಕೋಟಿನ್ ಗಮ್ಮನ್ನು ಬಬಲ್ ಗಮ್ಮಿನ ಹಾಗೆ ಜಗಿದು ಬಿಕ್ಕಳಿಕೆ ಹತ್ತಿಸಿಕೊಂಡು ಹೋದವನಿಗೆ, "ಕವಳದ ಥರ ದವಡೆಗೆ ಒತ್ತಿಡಿ ಮಾರಾಯ್ರೆ" ಎಂದರು. ಎಲೆಅಡಿಕೆಗೆ ಕವಳ ಎನ್ನುವ ಮಲೆನಾಡಿನವನಿಗೆ ಇದಕ್ಕಿಂತ ಸಲೀಸಾಗಿ ಯಾರು ಹೇಳಿಯಾರು! ನಿದ್ದೆ ಬರುತ್ತಿಲ್ಲ ಎಂದದ್ದಕ್ಕೆ ಕಾಫಿ ಅರ್ಧ ಮಾಡಿಸಿದರು. ಸಿಗರೇಟು ನಿಂತರೆ ಕಾಫಿಯ ಅಂಶ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದಂತೆ. ಬೆಳಗಿನ ಹೊಟ್ಟೆಯ ತಕರಾರಿಗೆ ಕೊಟ್ಟ ಸಲಹೆಯನ್ನು ಇಲ್ಲಿ ಬರೆಯುವುದು ಬೇಡ.

ಮನೆಯವಳಿಗೆ ಏನು ಹೇಳಲಿ. ಮೊದಲ ಮೂರು ವಾರ ನಾನು ಮನುಷ್ಯನಾಗಿರಲಿಲ್ಲ. ಚಟ್ನಿಗೆ ಉಪ್ಪು ಕಮ್ಮಿ ಎಂದು ತಟ್ಟೆ ತಳ್ಳಿದ್ದೇನೆ. ಅವಳು ತುಟಿ ಬಿಚ್ಚಲಿಲ್ಲ. ನಾಲ್ಕನೇ ವಾರ ಎಲ್ಲವನ್ನೂ ಸೇರಿಸಿ ಒಟ್ಟಿಗೆ ಆಡಿದಳು. ಅದೂ ನ್ಯಾಯವೇ.

ಆದರೆ ಹೆಚ್ಚು ಋಣ ಅಡಿಕೆ ಮಂಡಿಯ ಎದುರಿನ ಗೂಡಂಗಡಿಯವರದು. ನಾನು ಬಿಟ್ಟದ್ದರಿಂದ ನಷ್ಟವಾದದ್ದು ಅವರೊಬ್ಬರಿಗೇ. ನಾಲ್ಕನೇ ದಿನ ಸಂಜೆ ತಡೆಯಲಾರದೆ ಹೋಗಿ, ದಾರ ಕಟ್ಟಿ ನೇತುಹಾಕಿದ್ದ ಲೈಟರಿಗೆ ಆಗಲೇ ಕೈಹಾಕಿದ್ದೆ. ಅವರ ತಲೆಯ ಹಿಂದೆ ಸಾಲಾಗಿ ಪ್ಯಾಕುಗಳು ಕಾಣುತ್ತಿವೆ. "ಇವತ್ತು ಸ್ಟಾಕಿಲ್ಲ" ಎಂದು ಹೇಳಿ ಒಂದು ಕಡಲೆ ಮಿಠಾಯಿ ಕೈಗಿಟ್ಟರು, ದುಡ್ಡೂ ಮುಟ್ಟಲಿಲ್ಲ.

ಈಗಲೂ ಸಂಜೆ ನನ್ನನ್ನು ಕಂಡರೆ, ಪಕ್ಕದವರಿಗೆ ಸಿಗರೇಟು ಕೊಡುತ್ತಲೇ, "ಸ್ಟಾಕಿಲ್ಲ ರಾಯರೇ" ಅನ್ನುತ್ತಾರೆ.