ದನಿ ವಾಪಸ್ ಬಂತು, ಥ್ಯಾಂಕ್ಸ್ ಬಾಕಿ ಇದೆ

ಹೋದ ವಾರ ಡಬ್ಬಿಂಗ್ ಮುಗಿಸಿದೆ. ಪೂರ್ತಿ ಪಾತ್ರ, ನನ್ನದೇ ದನಿ. ಗಂಟಲಿನ ಆಪರೇಷನ್ ಆದ ಮೇಲೆ ಇದೇ ಮೊದಲು. ಅದಕ್ಕೇ ಈ ಬರಹ.

ನಮ್ಮಂಥ ಹಾಸ್ಯ ಪಾತ್ರದವರ ಕೆಲಸವೇ ಕಿರುಚುವುದು. ಹೀರೋ ಬೈದರೆ ಕಿರುಚಬೇಕು, ರೌಡಿ ಒದ್ದರೆ ಕಿರುಚಬೇಕು. ಆಮೇಲೆ ಡಬ್ಬಿಂಗ್ ರೂಮಿನಲ್ಲಿ ಅಷ್ಟನ್ನೂ ಇನ್ನೊಂದು ಸಲ ಕಿರುಚಬೇಕು. ಕಡೆಗೆ ಧ್ವನಿತಂತುವಿನ ಮೇಲೆ ಗಂಟು ಬೆಳೆಯಿತು. ಆಪರೇಷನ್ ಆದ ಮೇಲೆ ಪಿಸುಮಾತೂ ಆಡಬೇಡಿ ಅಂದರು, ಅದರಿಂದಲೂ ಗಂಟಲಿಗೆ ಪೆಟ್ಟಂತೆ. ನಾನೋ ಮೊದಲೇ ಬಾಯಿಬಡುಕ. ಮನೆಯವರು ಆರಾಮಾಗಿದ್ದರು ಅನ್ನಿ.

ದನಿ ಮತ್ತೆ ಕಲಿಸಿದ ಥೆರಪಿಸ್ಟ್ ಮೇಡಂಗೆ ಮೊದಲ ನಮಸ್ಕಾರ. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು, ಗುಳುಗುಳು ಗುಳ್ಳೆ ಎಬ್ಬಿಸುತ್ತಾ 'ಊ' ಅನ್ನಿಸುತ್ತಿದ್ದರು. ನಗು ತಡೆಯೋಕೆ ಆಗ್ತಿರಲಿಲ್ಲ. ನಕ್ಕರೆ ಗದರುತ್ತಿದ್ದರು. ಹಾಸ್ಯನಟನ ಹತ್ತಿರ ದುಡ್ಡು ತಗೊಂಡು 'ನಗಬೇಡಿ' ಅಂದವರು ಅವರೊಬ್ಬರೇ ಇರಬೇಕು.

ಇನ್ನು ನಮ್ಮ ನಿರ್ದೇಶಕರು. ಒಪ್ಪಿಕೊಂಡಿದ್ದ ಪಾತ್ರ ಬಿಟ್ಟುಕೊಡುತ್ತೇನೆ ಅಂತ ಮೆಸೇಜ್ ಹಾಕಿದ್ದೆ. ಮನೆಗೇ ಬಂದರು. 'ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳಿಸ್ತಿತ್ತೇನಯ್ಯಾ?' ಅಂದರು. ನಾನು ತಲೆ ಅಲ್ಲಾಡಿಸಿದೆ, ಬೇರೆ ಏನು ಮಾಡೋದು? ಬಾಲಣ್ಣ ಅಂದರೆ ಹಳೆಯ ಕಾಲದ ಹಾಸ್ಯನಟ ಟಿ.ಎನ್. ಬಾಲಕೃಷ್ಣ, ಎದುರಿಗಿದ್ದವರ ತುಟಿ ನೋಡಿಕೊಂಡೇ ಮಾತಿಗೆ ಮಾತು ಕೊಡುತ್ತಿದ್ದವರು. ನರಸಿಂಹರಾಜು ಜೊತೆಗಿನ ಅವರ ದೃಶ್ಯಗಳನ್ನು ನೋಡಿ, ಒಂದು ಕಡೆಯಾದರೂ ತಾಳ ತಪ್ಪಿದೆಯಾ? ಇಬ್ಬರೂ ಕಂಪನಿ ನಾಟಕದಲ್ಲಿ ಪಳಗಿದವರು. 1954ರ 'ಬೇಡರ ಕಣ್ಣಪ್ಪ'ದಿಂದ ನರಸಿಂಹರಾಜು ಸಿನಿಮಾದಲ್ಲಿ ನೆಲೆಯೂರಿದರು. ಮುಖದಲ್ಲೇ ಅರ್ಧ ಕೆಲಸ ಮುಗಿಸುವ ಜನ. ನನಗೆ ಬೇಕಾಗಿದ್ದೂ ಅದೇ.

ದನಿ ಗಟ್ಟಿಯಾಗುವ ತನಕ ನನ್ನ ಮಾತಿಲ್ಲದ ಶಾಟ್‌ಗಳನ್ನೇ ಮೊದಲು ತೆಗೆದರು. ನನ್ನ ಹೆಂಡತಿಯ ಪಾತ್ರ ಮಾಡಿದ ಅಕ್ಕ ಪುಟಗಟ್ಟಲೆ ಡೈಲಾಗ್ ಹೇಳಬೇಕು, ನಾನು ಬರೀ ಕಣ್ಣು ಪಿಳಿಪಿಳಿ ಮಾಡಬೇಕು. ಕ್ಯಾಮೆರಾ ನನ್ನ ಮೇಲಿದ್ದಾಗಲೂ ಅವರು ಪಕ್ಕದಲ್ಲಿ ನಿಂತು ಅಷ್ಟೂ ಡೈಲಾಗನ್ನು ಅದೇ ಜೋರಿನಲ್ಲಿ ಹೇಳಿದರು. ಎಷ್ಟೋ ಜನ ಆ ಹೊತ್ತಿಗೆ ಕ್ಯಾರವಾನ್‌ಗೆ ಹೋಗಿಬಿಡುತ್ತಾರೆ, ಅಸಿಸ್ಟೆಂಟ್ ಡೈರೆಕ್ಟರ್ ನಿಂತು ಒಪ್ಪಿಸುತ್ತಾನೆ. ಲೀಡ್, ಅಂದರೆ ಎದುರಿನವರ ಮಾತು, ಸರಿಯಾಗಿ ಸಿಗದಿದ್ದರೆ ಎಂಥ ನಟನ ರಿಯಾಕ್ಷನ್ನೂ ಸಪ್ಪೆ. ಅಕ್ಕಾ, ಜನ ನನ್ನ ಮುಖ ನೋಡಿ ನಕ್ಕರೆ ಅದರಲ್ಲಿ ಅರ್ಧ ನಿಮ್ಮದು.

ಉಳಿದರ್ಧದಲ್ಲಿ ಎಡಿಟರ್ ಪಾಲು ಜಾಸ್ತಿ. ಸೆಕೆಂಡಿಗೆ 24 ಫ್ರೇಮ್. ಆ ಹುಡುಗ ನನ್ನ ಒಂದು ಪೆಚ್ಚು ನೋಟಕ್ಕೆ ಆರು ಫ್ರೇಮ್ ಸೇರಿಸಿದ, ಅಂದರೆ ಕಾಲು ಸೆಕೆಂಡ್. ಮೊದಲು ಸುಮ್ನೆ ನೋಡ್ತಿದ್ದವರು ಈಗ ಅದೇ ಜಾಗದಲ್ಲಿ ನಕ್ಕರು. ಟೈಮಿಂಗ್ ಚೆನ್ನಾಗಿದೆ ಅಂತ ಹೊಗಳಿಸಿಕೊಂಡವನು ಮಾತ್ರ ನಾನು!

ಸೆಟ್ಟಿನಲ್ಲಿ ಬಿಸಿನೀರು ತಪ್ಪಿಸದ ಪ್ರೊಡಕ್ಷನ್ ಹುಡುಗರಿಗೆ, ನಾನು ಹತ್ತಿರ ಬಂದರೆ ಬೀಡಿ ಆರಿಸುತ್ತಿದ್ದ ಲೈಟ್‌ಬಾಯ್‌ಗಳಿಗೆ, ಸುಸ್ತಾದಾಗೆಲ್ಲ ಮೈಕ್ ಆಫ್ ಮಾಡಿ ಕಾದ ಸೌಂಡ್ ಇಂಜಿನಿಯರ್‌ಗೆ ಋಣಿ.

ಆಗ ಫೋನ್ ಮಾಡಿದವರಿಗೆಲ್ಲ ಉತ್ತರ ಕೊಡೋಕೆ ಆಗಿರಲಿಲ್ಲ. ಈಗ ಒಬ್ಬೊಬ್ಬರಿಗೇ ನಾನೇ ಮಾಡುತ್ತಿದ್ದೇನೆ. ಐದು ನಿಮಿಷಕ್ಕೆ ಇಟ್ಟುಬಿಟ್ಟರೆ ಬೇಜಾರಾಗಬೇಡಿ, ಮೇಡಂ ಆರ್ಡರ್.