ನೆಲದಡಿಯ ಕೇಬಲ್ಲಿಗೆ ನಂಬಬಹುದಾದ ನಕ್ಷೆ ಬೇಕು

ಮಾನ್ಯ ಸಂಪಾದಕರೇ,

ಮುಂಬಯಿಯ ರಸ್ತೆ ಅಗೆತದ ಬಗ್ಗೆ ದೂರುಗಳಿಗೆ ಕೊನೆಯಿಲ್ಲ. ವಿದ್ಯುತ್ ವಿತರಣೆಯ ಕೆಲಸದಲ್ಲಿ ಬಹುಕಾಲ ಇದ್ದು ನಿವೃತ್ತನಾದವನಾಗಿ, ಆ ಅಗೆತಕ್ಕೆ ಒಂದು ಮುಖ್ಯ ಕಾರಣವನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ನಮ್ಮ ನಗರದಲ್ಲಿ ವಿದ್ಯುತ್ ಹೆಚ್ಚಾಗಿ ನೆಲದಡಿಯ ಕೇಬಲ್ಲುಗಳಲ್ಲಿ ಬರುತ್ತದೆ. ಕೇಬಲ್ ಕೆಟ್ಟಾಗ ಉಪಕೇಂದ್ರದ ತುದಿಯಿಂದ ಅದರೊಳಕ್ಕೆ ಪಲ್ಸ್ (ಕ್ಷಣಮಾತ್ರದ ವಿದ್ಯುತ್ ಮಿಡಿತ) ಕಳಿಸಿ, ಅದು ಕೆಟ್ಟ ಜಾಗಕ್ಕೆ ತಾಗಿ ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತಾರೆ. ಯಂತ್ರ ಹೇಳುವ ಆ ದೂರ ಕೇಬಲ್ಲಿನ ಉದ್ದವೇ ಹೊರತು ರಸ್ತೆಯ ಉದ್ದವಲ್ಲ. ಕೇಬಲ್ ಎಲ್ಲಿ ಚರಂಡಿಯನ್ನು ಸುತ್ತುಹಾಕಿ ಹೋಗಿದೆ, ಎರಡು ಕೇಬಲ್ ತುಂಡುಗಳನ್ನು ಕೂಡಿಸಿದ ಯಾವ ಜಾಯಿಂಟಿನ ಬಳಿ ಸುರುಳಿಯಾಗಿ ಹೆಚ್ಚುವರಿ ಉದ್ದ ಬಿಟ್ಟಿದ್ದಾರೆ ಎಂಬುದು ನಕ್ಷೆಯಲ್ಲಿ ಇಲ್ಲದಿದ್ದರೆ, ಅಗೆಯುವವರಿಗೆ ಊಹೆಯೇ ಗತಿ. ಕಳೆದ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಎದುರು ಎರಡು ಕಡೆ ಗುಂಡಿ ತೋಡಿದರೂ ಕೇಬಲ್ ಸಿಗಲಿಲ್ಲ. ಕೊನೆಗೆ ಕೇಬಲ್ ಜೋಡಿಸುವ ಕೆಲಸದ ನಿವೃತ್ತ ಜಾಯಿಂಟರ್ ಒಬ್ಬರನ್ನು ಮನೆಯಿಂದ ಕರೆತಂದರು; ಚರಂಡಿ ಅಗಲ ಮಾಡುವಾಗ ಕೇಬಲ್ಲನ್ನು ರಸ್ತೆಯ ಆಚೆ ಬದಿಗೆ ಸರಿಸಿದ್ದು ಅವರಿಗೆ ನೆನಪಿತ್ತು. ಕಂಪ್ಯೂಟರಿನ ನಕ್ಷೆಯಲ್ಲಿ ಅದು ಇನ್ನೂ ಹಳೆಯ ಜಾಗದಲ್ಲೇ ಇತ್ತು.

ಡಿಜಿಟಲ್ ನಕ್ಷೆ ಹೊಸ ಮಾತೇನಲ್ಲ. ರಾಜ್ಯಗಳ ವಿತರಣಾ ಸಂಸ್ಥೆಗಳಿಗಾಗಿ ಕೇಂದ್ರ ಸರ್ಕಾರ 2008ರಲ್ಲಿ ಮಂಜೂರು ಮಾಡಿದ ಆರ್-ಎಪಿಡಿಆರ್‌ಪಿ ಎಂಬ ವಿದ್ಯುತ್ ವಿತರಣಾ ಸುಧಾರಣೆಯ ಯೋಜನೆಯ ಮೊದಲ ಭಾಗದಲ್ಲೇ ಜಿಐಎಸ್ (ಸ್ಥಳದ ಮಾಹಿತಿಯುಳ್ಳ ಕಂಪ್ಯೂಟರ್) ನಕ್ಷೆಯೂ, ಯಾವ ಮೀಟರ್ ಯಾವ ಟ್ರಾನ್ಸ್‌ಫಾರ್ಮರಿಗೆ, ಆ ಟ್ರಾನ್ಸ್‌ಫಾರ್ಮರ್ ಯಾವ ಫೀಡರಿಗೆ (ಉಪಕೇಂದ್ರದಿಂದ ಬರುವ ಮುಖ್ಯ ಮಾರ್ಗಕ್ಕೆ) ಸೇರಿದ್ದೆಂದು ಗುರುತಿಸುವ ಕೆಲಸವೂ ಸೇರಿದ್ದವು. ಈ ಜೋಡಣೆ ತಪ್ಪಿದರೆ ಒಂದು ಟ್ರಾನ್ಸ್‌ಫಾರ್ಮರಿನ ಮನೆಗಳು ಇನ್ನೊಂದರ ಲೆಕ್ಕಕ್ಕೆ ಹೋಗಿ, ಕೊಟ್ಟ ವಿದ್ಯುತ್ತಿಗೂ ಬಿಲ್ಲಿಗೂ ತಾಳೆಯಾಗದೆ, ನಡೆಯದ ವಿದ್ಯುತ್ ಕಳ್ಳತನ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ.

ಸಮೀಕ್ಷೆಯನ್ನು ಗುತ್ತಿಗೆಗೆ ಕೊಟ್ಟು ಒಮ್ಮೆ ಮುಗಿಸುವುದು ಸುಲಭ. ನಕ್ಷೆ ಹಳತಾಗುವುದು ಮರುದಿನದಿಂದಲೇ. ಜಾಯಿಂಟ್ ಹಾಕಿದ ಗುಂಡಿಯನ್ನು ಮುಚ್ಚುವ ಮುನ್ನ ಅದರ ಸ್ಥಾನ, ಆಳ ಮತ್ತು ಫೋಟೊ ನಕ್ಷೆಗೆ ಏರದೆ ಗುತ್ತಿಗೆದಾರರ ಬಿಲ್ ಪಾಸಾಗಬಾರದು. ಎತ್ತರದ ಕಟ್ಟಡಗಳ ನಡುವೆ ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪುವುದರಿಂದ, ಫುಟ್‌ಪಾತಿನ ಕೇಬಲ್ ನಕ್ಷೆಯಲ್ಲಿ ನಡುರಸ್ತೆಗೆ ಬಂದು ಕೂತಿರುವುದೂ ಉಂಟು. ಆದ್ದರಿಂದ ಕಟ್ಟಡದ ಮೂಲೆ, ಫೀಡರ್ ಪಿಲ್ಲರ್ (ರಸ್ತೆ ಬದಿಯ ವಿದ್ಯುತ್ ಪೆಟ್ಟಿಗೆ)ಗಳಂಥ ಗುರುತುಗಳಿಂದ ಟೇಪ್ ಹಿಡಿದು ಅಳೆದ ದೂರವನ್ನೂ, ಹಿಂದಿನವರು ಮಾಡುತ್ತಿದ್ದಂತೆ, ದಾಖಲಿಸಬೇಕು.

ಅಗೆಯುವ ಮುನ್ನ ಕೇಬಲ್ ಹಾಗೂ ಕೊಳವೆಗಳ ಒಡೆತನ ಇರುವ ಸಂಸ್ಥೆಗಳನ್ನು ವಿಚಾರಿಸಲು ಕೇಂದ್ರ ಸರ್ಕಾರ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ವಿಚಾರಿಸಲ್ಪಟ್ಟವರ ಬಳಿಯೇ ಸರಿಯಾದ ನಕ್ಷೆ ಇಲ್ಲದಿದ್ದರೆ ಅವರಾದರೂ ಏನು ಉತ್ತರ ಕೊಟ್ಟಾರು?

ರಸ್ತೆಗಳಿಗೆ ಕಾಂಕ್ರೀಟ್ ಬೀಳುತ್ತಿರುವ ಈ ಹೊತ್ತಿನಲ್ಲಿ, ನಿವೃತ್ತರಾದ ಮತ್ತು ನಿವೃತ್ತಿಯ ಅಂಚಿನಲ್ಲಿರುವ ಜಾಯಿಂಟರುಗಳನ್ನು ಗೌರವಧನ ಕೊಟ್ಟು ಕರೆಸಿ, ಅವರೊಂದಿಗೆ ಬೀದಿ ಬೀದಿ ನಡೆದು ಕೇಬಲ್ಲಿನ ದಾರಿಯನ್ನು ನಕ್ಷೆಯಲ್ಲಿ ತಿದ್ದಿಸುವ ಕೆಲಸವನ್ನು ವಿತರಣಾ ಸಂಸ್ಥೆಗಳು ಬರುವ ಮಳೆಗಾಲದೊಳಗೆ ಆರಂಭಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ನಿವೃತ್ತ ವಿದ್ಯುತ್ ಮೇಲ್ವಿಚಾರಕ, ಚೆಂಬೂರು, ಮುಂಬಯಿ