ಕೊನೇ ಕಂತು ಕಟ್ಟಿ ಬಂದೆ

ಹೋದ ಸೋಮವಾರ ಮಧ್ಯಾಹ್ನ ಅಂಗಡಿಗೆ ಅರ್ಧ ಗಂಟೆ ಬೀಗ ಹಾಕಿ ಹೋಗಿ ಸಾಲದ ಕೊನೇ ಕಂತು ಕಟ್ಟಿ ಬಂದೆ. ಕೌಂಟರಿನಲ್ಲಿದ್ದ ಹುಡುಗ ರಸೀದಿ ಕೊಟ್ಟು "ಮುಗೀತು ಮೇಡಂ" ಅಂದ. ಅಷ್ಟೇ. ನನಗೆ ಅಲ್ಲೇ ಸ್ವಲ್ಪ ಹೊತ್ತು ಕೂರಬೇಕು ಅನ್ನಿಸಿತು. ಹಿಂದೆ ಜನ ನಿಂತಿದ್ದರು, ಅಂಗಡಿ ಹತ್ತಿರ ಒಬ್ಬರು ಬ್ಲೌಸಿಗೆ ಕಾಯುತ್ತಿದ್ದರು. ಬಂದುಬಿಟ್ಟೆ.

2020ರ ಜನವರಿಯಲ್ಲಿ ಒಂದು ಸಾಲ, ಅದು ಕೈಕೊಟ್ಟಾಗ 2021ರಲ್ಲಿ ಇನ್ನೊಂದು ಸಾಲ. ಈಗ ಎರಡೂ ತೀರಿವೆ. ತಿಪಟೂರಿನ ಒಂದು ಸಣ್ಣ ಲೇಡೀಸ್ ಟೈಲರ್ ಅಂಗಡಿ ಇಷ್ಟು ವರ್ಷ ಬಾಗಿಲು ತೆಗೆದುಕೊಂಡೇ ಇದೆ ಅಂದರೆ ಅದು ನನ್ನೊಬ್ಬಳ ಕೈಗುಣ ಅಲ್ಲ. ಯಾರ್ಯಾರು ಏನೇನು ಮಾಡಿದರು ಅಂತ ನನ್ನ ಅಳತೆ ಪುಸ್ತಕದ ಕೊನೇ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ. ಅವರಲ್ಲಿ ಕೆಲವರಿಗೆ ತಾವು ಮಾಡಿದ್ದು ನೆನಪೇ ಇಲ್ಲ. ಹೆಸರು ಹಾಕಬೇಡ ಅಂದವರೂ ಇದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ನಿಮ್ಮದು ನಿಮಗೆ ಗೊತ್ತಾಗುತ್ತದೆ.

2020ರಲ್ಲಿ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ಭಾನುವಾರ ಜನತಾ ಕರ್ಫ್ಯೂ, ಮಂಗಳವಾರ ರಾಜ್ಯವೆಲ್ಲ ಬಂದ್, ಬುಧವಾರ ಹಬ್ಬ. ಅದೇ ಬುಧವಾರದಿಂದ ಇಡೀ ದೇಶಕ್ಕೆ ಲಾಕ್‌ಡೌನ್. ಹಬ್ಬದ ಹಿಂದಿನ ಎರಡು ದಿನ ಟೈಲರ್ ಅಂಗಡಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ರಾತ್ರಿ ಹನ್ನೊಂದಾದರೂ "ಅಕ್ಕ, ಹುಕ್ಕು ಹಾಕಿದ್ರಾ?" ಅಂತ ಫೋನು ಬರಬೇಕು. ಅವತ್ತು ಹೊಲಿದು, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿದ್ದ ನಲವತ್ತೊಂದು ಬ್ಲೌಸು ಅಂಗಡಿಯಲ್ಲೇ ಉಳಿದವು. ಒಂದಕ್ಕೂ ದುಡ್ಡು ಬಂದಿರಲಿಲ್ಲ. ನಾನು ಮುಂಗಡ ತೆಗೆದುಕೊಳ್ಳುವವಳಲ್ಲ. ಗೊತ್ತಿರೋ ಮುಖಗಳ ಹತ್ತಿರ ಹೇಗೆ ಕೇಳೋದು ಅಂತ ಸಂಕೋಚ. ಅದು ದಡ್ಡತನ ಅಂತ ಆಮೇಲೆ ಗೊತ್ತಾಯಿತು.

ಎರಡು ತಿಂಗಳ ಹಿಂದೆಯಷ್ಟೇ ಸಾಲ ಮಾಡಿ ಓವರ್‌ಲಾಕ್ ಮೆಷಿನ್ನು, ಪೀಕೋ ಮೆಷಿನ್ನು ತಂದಿದ್ದೆ. ಚೈತ್ರ, ವೈಶಾಖದ ಮದುವೆಗಳಲ್ಲಿ ಅರ್ಧ ತೀರಿಸಬಹುದು ಅನ್ನೋ ಲೆಕ್ಕ. ಮದುವೆಗಳೇ ನಡೆಯಲಿಲ್ಲ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಎಷ್ಟು ಖುಷಿಯಾಯಿತು ಅಂದರೆ, ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ರಜೆ ಕೊಟ್ಟಿದ್ದು ಕಂತಿಗೆ, ಬಡ್ಡಿಗಲ್ಲ.

ಈಗ ಮೊದಲನೇ ಥ್ಯಾಂಕ್ಸ್. ಏಪ್ರಿಲ್ ಮೊದಲ ವಾರ ರಿಟೈರಾದ ಟೀಚರಮ್ಮ ಒಬ್ಬರು ಫೋನ್ ಮಾಡಿದರು. ಅವರ ಎರಡು ಬ್ಲೌಸು ನನ್ನ ಹ್ಯಾಂಗರಿನಲ್ಲಿತ್ತು. "ದುಡ್ಡು ಹೇಗೆ ಕಳಿಸೋದು ಹೇಳು" ಅಂದರು. "ಅಯ್ಯೋ ಬೇಡಿ ಅಮ್ಮ, ಬ್ಲೌಸು ತಗೊಂಡಾಗ ಕೊಡಿ" ಅಂದೆ. "ನೀನು ಹೊಲಿದಾಯ್ತಲ್ಲ? ಹಂಗಾದ್ರೆ ನಾನು ಕೊಡಬೇಕು. ಇದು ದಾನ ಅಲ್ಲ ಕಣಮ್ಮ" ಅಂದರು. ಬೆಂಗಳೂರಿನಿಂದ ಮನೆಗೆ ಬಂದು ಅಲ್ಲಿಂದಲೇ ಕೆಲಸ ಮಾಡುತ್ತಿದ್ದ ಅವರ ಮಗ ನನ್ನ ಫೋನಿಗೆ ಫೋನ್‌ಪೇ ಹಾಕಿಸಿದ. ಅದೂ ಫೋನಿನಲ್ಲೇ, ಒಂದು ಗಂಟೆ ತಾಳ್ಮೆಯಿಂದ ಹೇಳಿಕೊಟ್ಟು. ನನಗೆ ಬಂದ ಮೊದಲನೇ ಫೋನ್‌ಪೇ ದುಡ್ಡು ಅದು.

ಆ ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ತಮ್ಮ ಭಜನೆ ಗುಂಪಿನವರಿಗೆಲ್ಲ ಹೇಳಿದರಂತೆ. ಹತ್ತು ದಿನದಲ್ಲಿ ನಲವತ್ತೊಂದರಲ್ಲಿ ಇಪ್ಪತ್ತಾರು ಬ್ಲೌಸಿನ ದುಡ್ಡು ಬಂತು. ಒಂದನ್ನೂ ಯಾರೂ ತೆಗೆದುಕೊಂಡು ಹೋಗಿರಲಿಲ್ಲ. ಹೋಗುವ ಹಾಗೂ ಇರಲಿಲ್ಲ. ಆ ತಿಂಗಳು ಮನೆಗೆ ಅಕ್ಕಿ, ಬೇಳೆ, ಅಮ್ಮನ ಬಿಪಿ ಮಾತ್ರೆ ಬಂದದ್ದು ಅದರಿಂದಲೇ.

ಆ ಸಮಯದಲ್ಲಿ ಕಿಟ್ ಕೊಟ್ಟವರೂ ಇದ್ದಾರೆ. ಅವರಿಗೂ ಕೈ ಮುಗಿಯುತ್ತೇನೆ. ಆದರೆ ಒಂದು ಮಾತು ಬಿಚ್ಚಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಕಿಟ್ ತೆಗೆದುಕೊಳ್ಳುವಾಗ ನನ್ನ ತಲೆ ತಗ್ಗಿತ್ತು. ಬ್ಲೌಸಿನ ದುಡ್ಡು ಬಂದಾಗ ಹಾಗಾಗಲಿಲ್ಲ. ಅದು ನನ್ನ ಕೆಲಸದ ದುಡ್ಡು. ಮೆಷಿನ್ನಿನ ಮುಂದೆ ಕೂತು ಸುಮ್ನೆ ಎಣ್ಣೆ ಬಿಟ್ಟು ಒರೆಸಿದೆ ಅವತ್ತು.

ಆಮೇಲೆ ಮಾಸ್ಕ್. ಪಂಚಾಯಿತಿ ಕಡೆಯಿಂದ ಸ್ತ್ರೀಶಕ್ತಿ ಸಂಘದವರಿಗೆ ಮಾಸ್ಕ್ ಹೊಲಿಯೋ ಕೆಲಸ ಬಂದಿತ್ತು. ಪಕ್ಕದ ಹಳ್ಳಿಯ ಸಂಘದ ಅಕ್ಕಂದಿರು ತಮಗೆ ಬಂದ ಕೆಲಸದಲ್ಲಿ ನನಗೂ ಒಂದು ಪಾಲು ಕೊಟ್ಟರು. ಅವರೇ ಕಷ್ಟದಲ್ಲಿದ್ದರು. ಕೊಡಲೇಬೇಕು ಅಂತ ಏನೂ ಇರಲಿಲ್ಲ. ಎಲಾಸ್ಟಿಕ್ ಎಲ್ಲೂ ಸಿಗುತ್ತಿರಲಿಲ್ಲ, ಚಿಕ್ಕಪೇಟೆಯಿಂದ ಮಾಲು ಬರುತ್ತಿರಲಿಲ್ಲ. ನನ್ನ ಹತ್ತಿರ ಲೈನಿಂಗಿಗೆ ಅಂತ ತಂದಿದ್ದ ಟೂ ಬೈ ಟೂ ಬಟ್ಟೆ ಇತ್ತು. ಅದನ್ನೇ ಕತ್ತರಿಸಿ ಲಾಡಿ ಮಾಡಿ ಕಟ್ಟೋ ಮಾಸ್ಕ್ ಹೊಲಿದೆವು. ಕೆಲವರು "ಇದೇನು ಕುಲಾವಿ ಹಂಗೈತೆ" ಅಂತ ನಕ್ಕರು. ನಗಲಿ, ಹಾಕಿಕೊಂಡರಲ್ಲ.

ದಾರದ ವಿಷಯಕ್ಕೆ ಬಂದರೆ ನನ್ನ ಎದುರಿನ ಅಂಗಡಿಯ ಟೈಲರಣ್ಣನನ್ನು ನೆನೆಯಬೇಕು. ಹೊರಗಿನವರಿಗೆ ನಾವಿಬ್ಬರೂ ಪೈಪೋಟಿಗೆ ಬಿದ್ದವರು. ನಿಜವೂ ಹೌದು, ಹೊಲಿಗೆ ರೇಟಿನ ವಿಷಯದಲ್ಲಿ ಎರಡು ವರ್ಷ ಮಾತು ಬಿಟ್ಟಿದ್ದೆವು. ಬಿಳಿ ದಾರ ಖಾಲಿಯಾಗಿ ನಾನು ಕೂತಿದ್ದಾಗ ಅವರ ಮಗಳ ಕೈಯಲ್ಲಿ ಒಂದು ಡಬ್ಬ ದಾರದುಂಡೆ ಕಳಿಸಿದರು. ಬಾಯಿಬಿಟ್ಟು ಕೇಳಿರಲಿಲ್ಲ. ಮಾತು ಮತ್ತೆ ಶುರುವಾದದ್ದು ಅಲ್ಲಿಂದ. ರೇಟಿನ ಜಗಳ ಈಗಲೂ ಇದೆ, ಅದು ಬೇರೆ.

ಅಂಗಡಿ ಮಾಲೀಕರು ಆ ಏಪ್ರಿಲ್, ಮೇ ಬಾಡಿಗೆ ಕೇಳಲಿಲ್ಲ. ಜೂನಿನಲ್ಲಿ ನಾನೇ ಹೋಗಿ ಎರಡು ತಿಂಗಳದ್ದು ಮುಂದೆ ಕೊಡುತ್ತೇನೆ ಅಂದೆ. "ಆಗಿದ್ದು ಆಗೋಯ್ತು, ಈ ತಿಂಗಳಿಂದ ಕೊಡವ್ವ. ಕರೆಂಟ್ ಬಿಲ್ ಮಾತ್ರ ಬಾಕಿ ಇಟ್ಕಬ್ಯಾಡ" ಅಂದರು. ಅವರ ಮನೆ ನಡೆಯುವುದೂ ಆ ಮೂರು ಅಂಗಡಿ ಬಾಡಿಗೆಯಿಂದ. ಮೂವರಿಗೂ ಬಿಟ್ಟರು.

2021 ಜಾಸ್ತಿ ಕಷ್ಟದ್ದು. ಅದರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಏಪ್ರಿಲ್ 27ರಿಂದ ಮತ್ತೆ ಬಂದ್. ಬೆಳಿಗ್ಗೆ ಹತ್ತರವರೆಗೆ ದಿನಸಿ, ತರಕಾರಿ, ಹಾಲು. ಟೈಲರ್ ಅಂಗಡಿಗೆ ಅಷ್ಟೂ ಇಲ್ಲ. ಮೊದಲ ಸಲ ಭಯ ಇತ್ತು, ಎರಡನೇ ಸಲ ಸಾವು ಪಕ್ಕದ ಬೀದಿಗೇ ಬಂತು. ನನ್ನ ಗಿರಾಕಿಗಳಲ್ಲೇ ನಾಲ್ವರು ಹೋದರು. ಅವರ ಅಳತೆ ಈಗಲೂ ಪುಸ್ತಕದಲ್ಲಿದೆ, ಹೊಡೆದುಹಾಕಲು ಕೈ ಬಂದಿಲ್ಲ.

ಸರ್ಕಾರ ಆಗ ಟೈಲರ್‌ಗಳಿಗೂ ಎರಡು ಸಾವಿರ ಕೊಟ್ಟಿತು. ಕ್ಷೌರಿಕರು, ಅಗಸರು, ಮೆಕ್ಯಾನಿಕ್‌ಗಳ ಜೊತೆ ನಮ್ಮ ಹೆಸರೂ ಪಟ್ಟಿಯಲ್ಲಿತ್ತು. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕಿತ್ತು. ಸೈಬರ್ ಸೆಂಟರಿನ ಹುಡುಗ ಅರ್ಧ ಷಟರ್ ಎಳೆದುಕೊಂಡು ಒಳಗೆ ಕೂತು ನನ್ನದೂ ಸೇರಿಸಿ ನಮ್ಮ ಬೀದಿಯವರ ಅರ್ಜಿ ಹಾಕಿಕೊಟ್ಟ. ಸರ್ವರ್ ಸಿಗದೆ ಮೂರು ಸಲ ಹೋದೆ. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ ಅವನು. ತಮ್ಮಾ, ನಿನ್ನ ಮದುವೆಗೆ ನಿಮ್ಮ ಮನೆ ಹೆಣ್ಣುಮಕ್ಕಳ ಬ್ಲೌಸೆಲ್ಲ ನನ್ನವು ಅಂತ ಹೇಳಿದ್ದೆ. ಮಾತು ಈಗಲೂ ಹಾಗೇ ಇದೆ, ನೀನು ಬೇಗ ಒಪ್ಪಿಕೋ.

ಒಬ್ಬಳ ಹತ್ತಿರ ಕ್ಷಮೆಯನ್ನೂ ಕೇಳಬೇಕು. ನನ್ನ ಅಂಗಡಿಯಲ್ಲಿ ಹೆಮ್ಮಿಂಗ್, ಕಾಜಾ, ಹುಕ್ಕಿನ ಕೆಲಸ ಮಾಡುತ್ತಿದ್ದ ಹುಡುಗಿ. ಎರಡನೇ ಲಾಕ್‌ಡೌನಿನಲ್ಲಿ ಅವಳಿಗೆ ಒಂದು ತಿಂಗಳದ್ದು ಅರ್ಧ ಸಂಬಳ ಕೊಟ್ಟೆ, ಮುಂದಿನ ತಿಂಗಳು ಅದೂ ಆಗಲಿಲ್ಲ. ಅವಳು ಗಾರ್ಮೆಂಟ್ಸಿಗೆ ಸೇರಿದಳು. ಸರಿಯಾಗೇ ಮಾಡಿದಳು. ಆದರೂ ಆ ವರ್ಷ ದೀಪಾವಳಿ ಹೊತ್ತಿಗೆ ಭಾನುವಾರಗಳಂದು ಬಂದು ನನ್ನ ಜೊತೆ ಕೂತು ಕಾಜಾ ಹಾಕಿಕೊಟ್ಟಳು. ಬಾಕಿ ಸಂಬಳ ಕೊಟ್ಟಿದ್ದೇನೆ, ತಡವಾಗಿ. ಬೇರೆಯವರು ಹೊಲಿಗೆ ದುಡ್ಡು ತಡ ಮಾಡಿದಾಗ ಗೊಣಗುತ್ತಿದ್ದ ನಾನೇ ತಡ ಮಾಡಿದ್ದು ಇನ್ನೂ ಚುಚ್ಚುತ್ತದೆ.

ದೀಪಾವಳಿಗೆ ಯಾಕೆ ಅಷ್ಟು ಕೆಲಸ ಅಂದರೆ, ಶಾಲೆ ತೆರೆದಿದ್ದವು. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ 2021ರ ಅಕ್ಟೋಬರ್ 25ಕ್ಕೆ ಶುರುವಾಯಿತು. ಬೆಳೆಯೋ ಮಕ್ಕಳಿಗೆ ಅಂತ ಯೂನಿಫಾರಂ ಹೊಲಿಯುವಾಗ ನಾವು ಎರಡು ಇಂಚು ಬಟ್ಟೆ ಒಳಗೆ ಮಡಿಚಿ ಬಿಡುತ್ತೇವೆ. ಬಿಚ್ಚಿದರೆ ಒಂದು ವರ್ಷ ಬರುತ್ತದೆ. ಆದರೆ ಮಕ್ಕಳು ಒಂದೂವರೆ ವರ್ಷ ಮನೆಯಲ್ಲಿ ಕೂತು ಬೆಳೆದಿದ್ದರು! ಎರಡು ಇಂಚು ಯಾವ ಮೂಲೆಗೆ? ಕಂಕುಳಿಗೆ ಪಟ್ಟಿ ಕೊಡು, ಲಂಗದ ಕೆಳಗೆ ಬೇರೆ ಬಟ್ಟೆ ಸೇರಿಸು, ಅಣ್ಣನದ್ದು ತಮ್ಮನಿಗೆ ಹಿಡಿ. ದೊಡ್ಡ ದುಡ್ಡಿನ ಕೆಲಸ ಅಲ್ಲ. ಆದರೆ ದಿನಾ ಕೈಗೆ ಇಪ್ಪತ್ತು, ಮೂವತ್ತು, ಐವತ್ತು ಬರುತ್ತಿತ್ತು, ಬರುತ್ತಲೇ ಇತ್ತು. ನನ್ನ ಅಂಗಡಿ ಎದ್ದು ನಿಂತದ್ದು ಆ ಚಿಲ್ಲರೆಯಲ್ಲಿ. ಹೊಸದು ತೆಗೆಯದೆ ಹಳೇದನ್ನೇ ಹಿಗ್ಗಿಸಿಕೊಂಡು ಹೋದ ಎಲ್ಲ ಅಪ್ಪ ಅಮ್ಮಂದಿರಿಗೂ ಥ್ಯಾಂಕ್ಸ್.

ಅಲ್ಲಿಗೆ ಸುಖವಾಯಿತು ಅಂದುಕೊಂಡೆ. ನಮ್ಮ ಊರು ಗೊತ್ತಲ್ವಾ, ಇಲ್ಲಿ ಎಲ್ಲ ಲೆಕ್ಕವೂ ಕೊಬ್ಬರಿಯದ್ದು. ಅಟ್ಟದ ಮೇಲಿನ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಅದನ್ನು ಸುಲಿದು ಮಾರ್ಕೆಟ್ಟಿಗೆ ಹಾಕಿದ ಮೇಲೇ ಮಗಳ ಮದುವೆ, ಮನೆ ಸುಣ್ಣ, ಸೀರೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು, ಮಾರ್ಕೆಟ್ಟಿನಲ್ಲಿ ಅಷ್ಟೂ ಸಿಗದೆ ರೈತರು ಧರಣಿ ಕೂತರು. ರೇಟು ಬಿದ್ದದ್ದು ನನಗೆ ಪೇಪರಿನಿಂದ ಗೊತ್ತಾಗುವುದಿಲ್ಲ. "ಲೈನಿಂಗ್ ಬ್ಯಾಡ ಬುಡಕ್ಕ, ಹಂಗೇ ಹೊಲಿ" ಅಂದಾಗ ಗೊತ್ತಾಗುತ್ತದೆ. ಕೋವಿಡ್ ಹೋದ ಮೇಲೆ ಎಲ್ಲ ಸರಿಹೋಯಿತು ಅಂತ ಟಿವಿಯಲ್ಲಿ ಹೇಳುವವರು ನಮ್ಮಂಥ ಊರಿನ ಅಂಗಡಿಯಲ್ಲಿ ಒಂದು ದಿನ ಕೂರಬೇಕು.

ಆ ವರ್ಷ ಕೈ ಹಿಡಿದದ್ದು ಹಳ್ಳಿ ಹೆಣ್ಣುಮಕ್ಕಳು. ಜೂನಿನಲ್ಲಿ ಬಸ್ಸು ಫ್ರೀ ಆಯಿತು, ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಎರಡು ಸಾವಿರ ಶುರುವಾಯಿತು. ಆ ದುಡ್ಡು ಬಿದ್ದ ವಾರ ನನ್ನ ಅಂಗಡಿಯಲ್ಲಿ ಫಾಲ್, ಪೀಕೋ ಜಾಸ್ತಿ. ಅದೇ ಫ್ರೀ ಬಸ್ಸು ಹತ್ತಿ ತುಮಕೂರಿಗೆ ಬಟ್ಟೆ ತೆಗೆಯಲು ಹೋಗುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹೋಗಲಿ. ಬಟ್ಟೆ ಎಲ್ಲಿಂದಾದರೂ ತನ್ನಿ, ಹೊಲಿಯಲು ಇಲ್ಲಿಗೆ ಕೊಡಿ. ಆನ್‌ಲೈನ್‌ನಲ್ಲಿ ರೆಡಿ ಬ್ಲೌಸು ತರಿಸುವವರ ಮೇಲೂ ನನಗೆ ಸಿಟ್ಟಿಲ್ಲ. ಓವರ್‌ಲಾಕ್ ಸೂಜಿ ನಾನೂ ಅಲ್ಲೇ ತರಿಸುತ್ತೇನೆ. ಅದೂ ಅಲ್ಲದೆ ಆ ರೆಡಿ ಬ್ಲೌಸುಗಳಲ್ಲಿ ಮುಕ್ಕಾಲು ಪಾಲು ತೋಳು ಬಿಗಿ ಅಂತ ಕೊನೆಗೆ ನನ್ನ ಹತ್ತಿರವೇ ಬರುತ್ತವೆ.

ಇಷ್ಟು ಬರೆದ ಮೇಲೂ ಬಿಟ್ಟುಹೋದವರು ಇದ್ದಾರೆ. ಲಾಕ್‌ಡೌನಿನಲ್ಲಿ ಮನೆಯ ಕಿಟಕಿ ಪರದೆ, ದಿಂಬಿನ ಕವರು, ಹಳೇ ಸೀರೆಯ ಕೌದಿ ಅಂತ ಏನಾದರೂ ಹುಡುಕಿ ಕೊಟ್ಟವರು. ನಿಮ್ಮ ಮನೆಯ ದಿಂಬಿಗೆ ಆಗ ಕವರು ಬೇಕಾಗಿರಲಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಹೊಲಿದೆ. ಈಗ ಹೇಳುತ್ತಿದ್ದೇನೆ, ಗೊತ್ತಿತ್ತು.

ಇನ್ನು ಆ ನಲವತ್ತೊಂದು ಬ್ಲೌಸಿನ ಲೆಕ್ಕ. ಒಂದು ಬ್ಲೌಸಿನ ಅಮ್ಮ 2021ರಲ್ಲಿ ತೀರಿಕೊಂಡರು. ಮರುವರ್ಷ ಅವರ ಮಗಳು ಬಂದು ಅದನ್ನು ತನ್ನ ಅಳತೆಗೆ ಹಿಡಿಸಿಕೊಂಡು ಹೋದಳು. ಮಿಕ್ಕವು ಒಂದೊಂದೇ ಹೋದವು. ಎರಡು ಉಳಿದಿವೆ. ಒಂದು ಗಿಳಿಹಸಿರು, ಮೆರೂನ್ ಅಂಚು, ಮೂವತ್ತಾರು ಸೈಜು, ಹಿಂದೆ ಲಾಡಿ ಇದೆ. ಇನ್ನೊಂದು ಅರಿಶಿನ ಬಣ್ಣ, ಗಿಡ್ಡ ತೋಳು. ಚೀಟಿಯಲ್ಲಿರೋ ನಂಬರಿಗೆ ಫೋನ್ ಹೋಗುತ್ತಿಲ್ಲ. ನಿಮ್ಮವಾದರೆ ಬಂದು ತೆಗೆದುಕೊಂಡು ಹೋಗಿ. ಮೈ ಬಂದಿದ್ದರೆ ಬಿಚ್ಚಿ ಕೊಡುತ್ತೇನೆ, ಒಳಗೆ ಬಟ್ಟೆ ಬಿಟ್ಟಿದ್ದೇನೆ. ಹೊಲಿಗೆ ದುಡ್ಡು ಆವತ್ತಿನ ರೇಟೇ, ಒಂದಕ್ಕೆ ನೂರೈವತ್ತು.